ದನದ ಡಾಕ್ಟರು, ಫಟಫಟಿ ಮತ್ತು ಕುಪ್ಪೇಲೂರಿನ ಕಲ್ಲು

ನನ್ನ ಜಾಗಕ್ಕೆ ಬಂದ ಹೊಸ ಪಶುವೈದ್ಯೆ ರೇಣುಕಾ, ಔಷಧಿ ಕಪಾಟಿನ ಕೀಲಿ ಕೈಗೆ ತೆಗೆದುಕೊಂಡ ಮೇಲೆ ಕೇಳಿದ ಮೊದಲ ಪ್ರಶ್ನೆ ದನಗಳ ಬಗ್ಗೆ ಇರಲಿಲ್ಲ.

"ಸರ್, ರಾತ್ರಿ ಹಳ್ಳಿಯಿಂದ ಕರದ್ರ ಗಾಡಿ ಮ್ಯಾಲೆ ಹೆಂಗ ಹೋಗ್ತಿದ್ರಿ?"

"ಕುಂತು ಹೋಗ್ತಿದ್ದೆ ನೋಡವಾ," ಎಂದೆ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡವನಿಗೆ ಅಷ್ಟು ಸೊಕ್ಕು ಇದ್ದೇ ಇರುತ್ತದೆ. ಆಕೆ ನಗಲಿಲ್ಲ. ಹಾವೇರಿ ಪೇಟೆಯಲ್ಲಿ ಬೆಳೆದ ಹುಡುಗಿ. ಬೀದಿದೀಪದ ಕೆಳಗೆ ಬೈಕ್ ಓಡಿಸುವುದು ಚೆನ್ನಾಗಿ ಗೊತ್ತು. ಊರಾಚೆಯ ಕತ್ತಲಿನ ಪರಿಚಯ ಇರಲಿಲ್ಲ.

"ರಾತ್ರಿ ಫೋನ್ ಬಂದ್ರ ಬೆಳಿಗ್ಗೆ ಬರ್ತೇನಿ ಅಂತ ಹೇಳಬೇಕಂತ ನಮ್ಮವ್ವ ಹೇಳ್ಯಾಳ್ರಿ," ಎಂದಳು. ಹೇಳುವಾಗ ಮುಖ ಸಣ್ಣದಾಗಿತ್ತು. ಕರು ಅಡ್ಡ ಸಿಕ್ಕ ಆಕಳು ಬೆಳಿಗ್ಗೆಯ ತನಕ ಕಾಯುವುದಿಲ್ಲ ಎಂಬುದು ಆಕೆಗೂ ಗೊತ್ತು. ನನ್ನ ಸೊಕ್ಕು ಅಲ್ಲಿಗೆ ಇಳಿಯಿತು. ಆವತ್ತು ಭಾಷಣ, ಫೋಟೊ, ಉಪ್ಪಿಟ್ಟು ಎಂಬ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ. ಈಗ ಬಿಡುವು ಬೇಕಾದಷ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಆಕಳ ಹೊಟ್ಟೆಯ ನಾಲ್ಕೂ ಕೋಣೆಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಾರೆ. ಆ ಆಕಳ ತನಕ ಹೋಗಿ ಮುಟ್ಟುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ದನಗಳೋ, ಹಗಲೆಲ್ಲ ಸಾವಕಾರರ ಹಾಗೆ ಮೆಲುಕು ಹಾಕುತ್ತ ಕುಳಿತು, ಡಾಕ್ಟರ್ ಊಟಕ್ಕೆ ಕುಳಿತ ಹೊತ್ತು ನೋಡಿ ಈಯಲು ಶುರು ಮಾಡುತ್ತವೆ. ನನಗೆ ಬಡ್ತಿ ಯಾವಾಗ ಸಿಕ್ಕಿತೆಂಬುದು ನನ್ನ ಹೆಂಡತಿಗೂ ನೆನಪಿಲ್ಲ. ಆದರೆ ಗಾಡಿಯಿಂದ ಎಲ್ಲೆಲ್ಲಿ ಬಿದ್ದೆನೆಂಬುದು ರಾಣೇಬೆನ್ನೂರು, ಬ್ಯಾಡಗಿ ಎರಡೂ ತಾಲೂಕುಗಳಿಗೆ ನೆನಪಿದೆ. ಹಾಗಾಗಿ ಬಿದ್ದ ಕಥೆಗಳನ್ನೇ ಹೇಳುವುದು ಒಳ್ಳೆಯದು.

ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಇದ್ದದ್ದು ಮಾವನವರು ಓಡಿಸಿ ಬೇಸತ್ತು ಕೊಟ್ಟ ಹಳೆಯ ಗಾಡಿ. ಆಗಿನ ಹಿರಿಯರು ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಅದರ ದೀಪಕ್ಕೂ ಎಂಜಿನ್‌ಗೂ ಒಂದು ಒಳಒಪ್ಪಂದವಿತ್ತು. ಎಂಜಿನ್ ಜೋರಾದರೆ ದೀಪ ಬೆಳಗುತ್ತಿತ್ತು, ನಿಧಾನವಾದರೆ ಮಿಣಮಿಣ ಎನ್ನುತ್ತಿತ್ತು. ಅಂದರೆ ಮುಂದಿನ ಗುಂಡಿ ಕಾಣಬೇಕಾದರೆ ಜೋರು ಹೋಗಬೇಕು. ಜೋರು ಹೋದರೆ ಕಂಡ ಗುಂಡಿಯಲ್ಲಿಯೇ ಬೀಳಬೇಕು. ಸ್ವಲ್ಪ ದಿನದಲ್ಲಿ ಒಂದು ಉಪಾಯ ಕಲಿತೆ. ಕೆಟ್ಟ ಜಾಗ ಬಂದಾಗ ಕ್ಲಚ್ ಒತ್ತಿ ಹಿಡಿದು, ಗಾಡಿಯನ್ನು ನಿಂತಲ್ಲೇ ಗುರ್ರೆನ್ನಿಸಿ, ದೀಪ ಬೆಳಗಿದ ಗಳಿಗೆಯಲ್ಲಿ ದಾರಿ ನೋಡಿಕೊಂಡು ಮುಂದೆ ಸರಿಯುತ್ತಿದ್ದೆ. ಈ ಗುರುಗುಟ್ಟುವಿಕೆ ಕೇಳಿಸಿದ ಕೂಡಲೇ ಹಳ್ಳಿಯ ಹೆಣ್ಣುಮಕ್ಕಳು "ದನದ ಡಾಕ್ಟರ್ ಬಂದ್ರು" ಎಂದು ಒಲೆಯ ಮೇಲೆ ಬಿಸಿನೀರಿಗೆ ಇಡುತ್ತಿದ್ದರು. ನಾನು ಮುಟ್ಟುವಷ್ಟರಲ್ಲಿ ನೀರು ಕಾದಿರುತ್ತಿತ್ತು. ನನ್ನ ವೇಗ ಅಷ್ಟಿತ್ತು.

ಆಗಿನ ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರು. ಎತ್ತರದ ಆಳು, ಪೊದೆ ಮೀಸೆ, ಸಿಟ್ಟು ಬಂದರೆ ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಿದ್ದರು. ಅವರ ಗಾಡಿಯನ್ನು ಸೈಕಲ್ಲಿನವರೂ ದಾಟಿ ಹೋಗುತ್ತಿದ್ದರು. ದಾಟುವಾಗ ಮರ್ಯಾದೆಗೆ "ನಮಸ್ಕಾರ್ರೀ ಸಾಹೇಬ್ರ" ಎನ್ನುತ್ತಿದ್ದರು. ನಾವು ಹೊಸಬರು ಹಿಂದಿನಿಂದ ನಗುತ್ತಿದ್ದೆವು. ಒಂದು ದಿನ ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು:

"ಏ ತಮ್ಮಾ, ನಿನ್ನ ದೀಪ ಎಲ್ಲೀ ತನಕ ಬೀಳ್ತದ ನೋಡು. ಅಷ್ಟರೊಳಗ ಗಾಡಿ ನಿಂದ್ರಬೇಕು. ನಿಂದ್ರಂಗಿಲ್ಲ ಅಂದ್ರ ನೀ ಕಣ್ಣು ಮುಚ್ಚಿಕೊಂಡು ಹೊಂಟೀದಿ ಅಂತ ತಿಳಕೋ."

"ಮತ್ತ ಎದುರಿಗೆ ಲಾರಿ ಬಂದು ಕಣ್ಣಿಗೆ ಬೆಳಕು ಹೊಡದ್ರ ಏನ್ ಮಾಡ್ಬೇಕ್ರಿ?"

"ಬೆಳಕು ನೋಡಬ್ಯಾಡ. ರಸ್ತೆದ ಎಡಗಡೆ ಅಂಚು ನೋಡಿಕೋತ ನಿಧಾನ ಹೋಗು. ಲಾರಿ ತನ್ನ ಪಾಡಿಗೆ ತಾ ಹೋಗ್ತದ."

ಈ ಎರಡು ಮಾತಿನ ಮೇಲೆ ನನ್ನ ನೌಕರಿ ನಡೆಯಿತು. ಮೊದಲನೆಯದು ನನ್ನ ಜೀವ ಉಳಿಸಿತು. ಎರಡನೆಯದು ನನ್ನ ಎಲುಬು ಮುರಿಯಿತು. ಅದರಲ್ಲಿ ಸಾಹೇಬರ ತಪ್ಪೇನೂ ಇಲ್ಲ, ಮುಂದೆ ಹೇಳುತ್ತೇನೆ.

ಬ್ಯಾಡಗಿ ಕಡೆಗೆ ಮೆಣಸಿನಕಾಯಿ ಸುಗ್ಗಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ನಾನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಒಂದು ರಾತ್ರಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಒಂದು ಮುಂದಿತ್ತು. ಅದರ ಹಿಂದಿನ ಕೆಂಪು ದೀಪ ಹಿಡಿದುಕೊಂಡು ಹೋದರೆ ದಾರಿ ತಪ್ಪುವುದಿಲ್ಲ ಎಂದು ನಾನು ಜಾಣತನ ಮಾಡಿದೆ. ಹೆಲ್ಮೆಟ್ಟಿನ ಗಾಜನ್ನು ಗಾಳಿ ಬರಲೆಂದು ಮೇಲೆತ್ತಿದ್ದೆ. ಮೊದಲು ಒಂದು ಸೀನು ಬಂತು. ಆಮೇಲೆ ಸೀನುಗಳ ಮೆರವಣಿಗೆ. ಪ್ರತಿ ಸೀನಿಗೂ ಕಣ್ಣು ಮುಚ್ಚುತ್ತದೆ, ಪ್ರತಿ ಸಲ ಕಣ್ಣು ತೆರೆದಾಗಲೂ ಟ್ರೇಲರ್ ಇನ್ನಷ್ಟು ಹತ್ತಿರ. ಹೇಗೋ ಪಕ್ಕಕ್ಕೆ ಎಳೆದು ಒಂದು ಚಹಾದಂಗಡಿ ಮುಂದೆ ನಿಲ್ಲಿಸಿದೆ. ಕಣ್ಣಿನಿಂದ ಧಾರಾಕಾರ ನೀರು. ಅಂಗಡಿಯವ ಕರಗಿಹೋದ.

"ಯಾಕ್ರಿ ಸಾಹೇಬ್ರ, ಅಳಾಕತ್ತೀರಿ? ಯಾರ ಎಮ್ಮಿ ಹೋತ್ರಿ?"

"ಎಮ್ಮಿ ಆರಾಮ ಐತಪಾ. ನಾನ ಹೋಗಾವಿದ್ದೆ."

ಅವನು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ನನಗೆ ಮಾತ್ರ ಬುದ್ಧಿ ಬಂತು. ರಾತ್ರಿ ಯಾವ ಹೇರಿನ ಗಾಡಿಯ ಬೆನ್ನನ್ನೂ ಹತ್ತಬಾರದು. ಅದು ಮೆಣಸಿನಕಾಯಿ ಇರಲಿ, ಹತ್ತಿ ಇರಲಿ, ಮುಂದೆ ಹೋಗಲು ಬಿಟ್ಟು ಒಂದು ಕಪ್ ಚಹಾ ಕುಡಿಯಬೇಕು. ಹೆಲ್ಮೆಟ್ಟಿನ ಗಾಜು ಕೆಳಗಿರಬೇಕು, ಬಿಳಿ ಗಾಜೇ ಇರಬೇಕು. ಈಗಿನ ಹುಡುಗರು ಹಗಲಿನ ಕರಿ ಗಾಜನ್ನೇ ರಾತ್ರಿಯೂ ಇಳಿಸಿಕೊಂಡು ಹೋಗುತ್ತಾರೆ. ಕಾಣುವುದಿಲ್ಲವೆಂದು ಬೈಕಿಗೆ ಇನ್ನೆರಡು ಬಿಳಿ ದೀಪ ಹಾಕಿಸುತ್ತಾರೆ. ತಮ್ಮ ಕಣ್ಣಿಗೆ ಪರದೆ, ಎದುರಿನವನ ಕಣ್ಣಿಗೆ ಸೂರ್ಯ. ಅವರನ್ನು ಕಂಡಾಗ ದೇಸಾಯಿ ಸಾಹೇಬರ ಪೇಪರ್‌ವೇಟ್ ನೆನಪಾಗುತ್ತದೆ.

ಐರಣಿಯ ಎಮ್ಮೆಯ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೊಳೆ ದಂಡೆಯ ಊರು, ಚಳಿಗಾಲದಲ್ಲಿ ಸಂಜೆಯಿಂದಲೇ ಮಂಜು ಕವಿಯುತ್ತದೆ. ಹಗಲು ಕಾದ ಡಾಂಬರು ರಾತ್ರಿಯೂ ಬೆಚ್ಚಗಿರುತ್ತದೆಂದು ದನಗಳು ರಸ್ತೆಯ ಮೇಲೆ ಬಂದು ಮಲಗುತ್ತವೆ. ಆಕಳ ಕಣ್ಣು ಬೆಳಕಿಗೆ ಹೊಳೆಯುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ದನದ ಡಾಕ್ಟರಾದ ನನಗೆ ಇದರ ಮೇಲೆ ಬಹಳ ಭರವಸೆ ಇತ್ತು. ಆದರೆ ಆ ದಿನ ಮಲಗಿದ್ದದ್ದು ಎಮ್ಮೆ. ಕರಿ ರಸ್ತೆ, ಕರಿ ಮೈ, ಮುಖ ಆ ಕಡೆಗೆ. ದೀಪ ಬೀಳುವಷ್ಟರೊಳಗೆ ನಿಲ್ಲುವ ವೇಗದಲ್ಲಿದ್ದೆನಾದ್ದರಿಂದ ಗಾಡಿ ನಿಂತಿತು. ನಿಂತಾಗ ಮುಂದಿನ ಗಾಲಿ ಅದರ ಬೆನ್ನಿಗೆ ತಾಗಿತ್ತು. ಎಮ್ಮೆ ಏಳಲಿಲ್ಲ, ಕತ್ತು ಹೊರಳಿಸಿ ನೋಡಿತು ಅಷ್ಟೆ. ಬೆಳಿಗ್ಗೆ ನಾನೇ ಸೂಜಿ ಚುಚ್ಚಿದ ಎಮ್ಮೆ ಅದು. ನಾನು ಹಾರ್ನ್ ಹೊಡೆದೆ, ಬೈದೆ, ಕೊನೆಗೆ ಇಳಿದು ಅದರ ಸುತ್ತಲೂ ಗಾಡಿಯನ್ನು ತಳ್ಳಿಕೊಂಡು ಹೋದೆ.

ಇನ್ನು ಕುಪ್ಪೇಲೂರಿನ ನಾಗಪ್ಪನ ವಿಷಯ.

ನಾಗಪ್ಪ ಒಳ್ಳೆಯ ರೈತ, ಬಾಯಿ ಸ್ವಲ್ಪ ದೊಡ್ಡದು. ಊರಿನ ಹೊರಗೆ ರಸ್ತೆಗೆ ಅಂಟಿಕೊಂಡೇ ಮನೆ. ನನ್ನ ಹೆಲ್ಮೆಟ್ ಕಂಡರೆ ಅವನಿಗೆ ಹಬ್ಬ. "ಸಾಹೇಬ್ರು ತಲಿಮ್ಯಾಲೆ ಗಡಿಗಿ ಹೊತ್ಕೊಂಡು ಬಂದ್ರು, ಮಜ್ಜಿಗಿ ಹಾಕ್ರೆಪಾ" ಎಂದು ಮನೆಯವರನ್ನು ಕೂಗುತ್ತಿದ್ದ. ನಾನೂ ಸುಮ್ಮನೆ ಬಿಡುತ್ತಿರಲಿಲ್ಲ. ಅವನನ್ನು ಕಾಡಲು ನನಗೊಂದು ವಿಷಯ ಇತ್ತು.

ನಮ್ಮ ಭಾಗದಲ್ಲಿ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ರಸ್ತೆಯ ಎಡಗಡೆಗೆ ಉದ್ದಕ್ಕೂ ಕಾಳು ಹರವಿ, ಗಾಡಿಗಳು ತುಳಿಯಬಾರದೆಂದು ಅದರ ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆ ಕಾಳನ್ನು ಗುಡ್ಡೆ ಮಾಡಿ, ಮೇಲೆ ಕರಿ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಅದರ ಮೇಲೂ ಕಲ್ಲು. ಸುಗ್ಗಿ ಮುಗಿದ ಮೇಲೆ ಕಾಳನ್ನು ಒಂದೂ ಬಿಡದೆ ಮನೆಗೆ ಒಯ್ಯುತ್ತಾರೆ, ಕಲ್ಲುಗಳನ್ನು ಮಾತ್ರ ರಸ್ತೆಗೆ ಬಿಟ್ಟು ಹೋಗುತ್ತಾರೆ. ನಾಗಪ್ಪನ ಮನೆಯ ಮುಂದಿನ ಸಾಲು ಇಡೀ ದಾರಿಯಲ್ಲೇ ಉದ್ದದ್ದು.

"ನಾಗಪ್ಪಾ, ಈ ಕಲ್ಲು ತಗೀಪಾ. ಯಾರರೆ ರಾತ್ರಿ ಬಿದ್ರ ಏನ್ ಮಾಡ್ತಿ?" ಎಂದು ಬಂದಾಗಲೆಲ್ಲ ಹೇಳುತ್ತಿದ್ದೆ.

"ಊರಾಗಿನವ್ರಿಗೆ ಗೊತ್ತೈತ್ರಿ ಎಲ್ಲಿ ಕಲ್ಲು ಅದಾವು ಅಂತ. ಹೊರಗಿನವ್ರು ರಾತ್ರಿ ಯಾಕ ಬರಬೇಕ್ರಿ?"

"ನಾ ಹೊರಗಿನವ ಅಲ್ಲೇನು?"

"ನಿಮ್ಮ ತಲಿಮ್ಯಾಲೆ ಗಡಿಗಿ ಐತಲ್ರಿ!"

ಕುಳಿತವರೆಲ್ಲ ನಗುತ್ತಿದ್ದರು. ನಾನೂ ನಕ್ಕು ಮಜ್ಜಿಗೆ ಕುಡಿದು ಬರುತ್ತಿದ್ದೆ.

ಒಂದು ಸುಗ್ಗಿಯ ಕಾಲದಲ್ಲಿ, ಊಟಕ್ಕೆ ಕುಳಿತಾಗ ನಾಗಪ್ಪನ ಫೋನ್ ಬಂತು. ಮಾತಿನಲ್ಲಿ ಚೇಷ್ಟೆ ಇರಲಿಲ್ಲ. "ಸಾಹೇಬ್ರ, ಗೌರಿ ಸಂಜಿಯಿಂದ ತಿಣಕಾಕತ್ತೈತ್ರಿ. ಎರಡೂ ಕಾಲು ಬಂದಾವು, ತಲಿ ಬರವಲ್ದು. ಲಗೂ ಬರ್ರಿ." ಗೌರಿ ಅವರ ಮನೆಯ ಆಕಳು. ಅದರ ಹಾಲಿನ ಮೇಲೆ ಆ ಮನೆಯ ದಿನದ ಖರ್ಚು ನಡೆಯುತ್ತಿತ್ತು. ನಾಗಪ್ಪನ ಹೆಂಡತಿ ಶಾಂತವ್ವ ಅದನ್ನು ಹೊಟ್ಟೆಯ ಮಗಳ ಹಾಗೆ ನೋಡಿಕೊಂಡಿದ್ದಳು. ಮೊದಲು ಮುಂಗಾಲು ಬಂದು ತಲೆ ಬರಲಿಲ್ಲವೆಂದರೆ ಕರುವಿನ ತಲೆ ಒಳಗೆ ಹಿಂದಕ್ಕೆ ಮಡಚಿಕೊಂಡಿದೆ ಎಂದರ್ಥ. ಹೊತ್ತಾದರೆ ಕರುವೂ ಇಲ್ಲ, ತಾಯಿಯೂ ಇಲ್ಲ. ಎಳೆಯಬೇಡಿ ಎಂದು ಹೇಳಿ ಊಟ ಬಿಟ್ಟು ಎದ್ದೆ. ನನ್ನ ಹೆಂಡತಿ ಹೆಲ್ಮೆಟ್ ತಂದುಕೊಟ್ಟಳು.

ಅಷ್ಟು ಹೊತ್ತಿಗೆ ನನ್ನ ಗಾಡಿ ಹೊಸದು, ದೀಪವೂ ಚಲೋ ಇತ್ತು. ಅವಸರ ಬಹಳ ಇದ್ದರೂ ದೀಪದ ಬೆಳಕಿನ ಆಚೆಗೆ ಹೋಗಲಿಲ್ಲ. ಕುಪ್ಪೇಲೂರು ಹತ್ತಿರವಾಯಿತು. ಇನ್ನು ನಾಗಪ್ಪನ ಮನೆ ಬಂತು ಎನ್ನುವಾಗ, ಎದುರಿಗೆ ಒಮ್ಮೆಲೇ ಬೆಳಕಿನ ಗೋಡೆ ಎದ್ದು ನಿಂತಂತಾಯಿತು.

ನಡೆದದ್ದು ಇಷ್ಟು. ಡಾಕ್ಟರಿಗೆ ದಾರಿ ಚೆನ್ನಾಗಿ ಕಾಣಲಿ ಎಂದು ನಾಗಪ್ಪ ತನ್ನ ಟ್ರ್ಯಾಕ್ಟರನ್ನು ಮನೆಯ ಮುಂದೆ ನಾನು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಇದ್ದಬದ್ದ ದೀಪವನ್ನೆಲ್ಲ ಹೊತ್ತಿಸಿದ್ದ. ಸುಗ್ಗಿಗೆಂದು ಹಾಕಿಸಿದ ಹೊಸ ಬಿಳಿ ದೀಪಗಳೂ ಅದರಲ್ಲಿದ್ದವು. ಪ್ರೀತಿಯಿಂದ ಮಾಡಿದ ಕೆಲಸ. ಆ ಪ್ರೀತಿ ನೇರ ನನ್ನ ಕಣ್ಣಿಗೆ ಬಂದು ಹೊಡೆಯಿತು. ನಾನು ದೇಸಾಯಿ ಸಾಹೇಬರ ಶಿಷ್ಯ. ಬೆಳಕನ್ನು ನೋಡಲಿಲ್ಲ. ರಸ್ತೆಯ ಎಡಗಡೆ ಅಂಚು ಹಿಡಿದು ನಿಧಾನ ಹೋದೆ. ಎಡಗಡೆ ಅಂಚಿನಲ್ಲಿ ನಾಗಪ್ಪನ ಗೋವಿನಜೋಳ ಇತ್ತು. ಅದರ ಅಂಚಿಗೆ ನಾಗಪ್ಪನ ಕಲ್ಲುಗಳಿದ್ದವು.

ಮುಂದಿನ ಗಾಲಿ ಕಲ್ಲಿಗೆ ಏರಿದ್ದು ಗೊತ್ತಾಯಿತು. ಆಮೇಲೆ ಆಕಾಶ, ಆಮೇಲೆ ತಾಡಪತ್ರಿ. ತಲೆ ಡಾಂಬರಿಗೆ ಬಡಿಯಿತು, ಬಲಭುಜ ಇನ್ನೊಂದು ಕಲ್ಲಿಗೆ. ಭುಜದಲ್ಲಿ ಒಣಕಟ್ಟಿಗೆ ಮುರಿದ ಸದ್ದು ಕೇಳಿಸಿತು. ಬಿದ್ದ ಏಟಿಗೆ ತಾಡಪತ್ರಿ ಸರಿದು, ಕಾಳೆಲ್ಲ ರಸ್ತೆಯ ತುಂಬ ಚೆಲ್ಲಿತು. ಕೊಟ್ಟಿಗೆಯ ಕಡೆಯಿಂದ ಬ್ಯಾಟರಿ ಹಿಡಿದುಕೊಂಡು ನಾಗಪ್ಪ ಓಡಿ ಬಂದ.

"ಯಾವನಲೇ ಅಂವಾ, ಕಾಳು ತುಳದಾಂವಾ! ಕಣ್ಣು ಕಾಣಂಗಿಲ್ಲೇನಲೇ?"

"ಕಾಣಂಗಿಲ್ಲಪಾ ನಾಗಪ್ಪಾ," ಎಂದೆ.

ಅವನು ಬ್ಯಾಟರಿ ಬೆಳಕನ್ನು ನನ್ನ ಮುಖದ ಮೇಲೆ ಬಿಟ್ಟ. ಕಲ್ಲು ನೋಡಿದ, ಟ್ರ್ಯಾಕ್ಟರ್ ನೋಡಿದ, ಮತ್ತೆ ನನ್ನನ್ನು ನೋಡಿದ. "ಅಯ್ಯಯ್ಯೋ" ಎಂದು ಕಾಳಿನ ಮೇಲೆಯೇ ಕುಸಿದು ಕುಳಿತ. ಅಷ್ಟರಲ್ಲಿ ಶಾಂತವ್ವ ಬಂದವಳು, "ಕುಂದರೂ ಹೊತ್ತು ನೋಡು ಇದು! ಅವ್ರನ್ನ ಎಬ್ಬಸು ಮೊದಲ," ಎಂದು ಗದರಿದಳು. ನಾಗಪ್ಪನ ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡು, ನನ್ನ ಬಲಗೈಯನ್ನು ಎದೆಗೆ ಸೇರಿಸಿ ಕಟ್ಟಿದಳು.

"ರಾಣೇಬೆನ್ನೂರಿಗೆ ಕರ್ಕೊಂಡು ಹೋಗ್ತೇನ್ರಿ, ಈಗ ಟ್ರ್ಯಾಕ್ಟರ್ ತಗೀತೇನಿ," ಎಂದು ನಾಗಪ್ಪ ಅಳುತ್ತ ಹೇಳಿದ.

"ಮೊದಲ ಗೌರಿನ್ನ ನೋಡೂಣು."

ಧೈರ್ಯದಿಂದ ಹೇಳಿದ ಮಾತಲ್ಲ ಅದು. ಭುಜ ಬೆಂಕಿಯಾಗಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆದರೆ ಕೊಟ್ಟಿಗೆಯಿಂದ ಆ ಆಕಳ ದನಿ ಕೇಳಿಸುತ್ತಿತ್ತು. ಅಷ್ಟು ಹತ್ತಿರ ಬಂದು ತಿರುಗಿ ಹೋಗುವುದು ನನ್ನಿಂದ ಆಗಲಿಲ್ಲ.

ಎಡಗೈ ಹಾಕಿ ನೋಡಿದೆ. ಕರು ಜೀವಂತ ಇತ್ತು, ಕಾಲು ಹಿಸುಕಿದರೆ ಎಳೆದುಕೊಂಡಿತು. ತಲೆ ಪಕ್ಕೆಯ ಕಡೆಗೆ ಮಡಚಿತ್ತು. ಕರುವನ್ನು ಹಿಂದಕ್ಕೆ ತಳ್ಳಬೇಕು, ಅದೇ ವೇಳೆಗೆ ಮೂತಿ ಹಿಡಿದು ತಲೆಯನ್ನು ತಿರುಗಿಸಬೇಕು. ನನ್ನ ಒಂದು ಕೈಯಿಂದ ಆಗುವ ಕೆಲಸವಲ್ಲ. ಸ್ವಲ್ಪ ಒತ್ತಿದರೂ ಭುಜದ ಎಲುಬು ಒಳಗೇ ಕರಕರ ಎನ್ನುತ್ತಿತ್ತು. ನಾಗಪ್ಪನ ಕೈ ನೋಡಿದೆ. ಹಾರೆ ಹಿಡಿದು ಹಿಡಿದು ಅಗಲವಾದ ಕೈ. ಅದು ಒಳಗೆ ಹೋಗುವಂತಿರಲಿಲ್ಲ. ಶಾಂತವ್ವನ ಕೈ ನೋಡಿದೆ. ಸಣ್ಣ ಕೈ, ಮೊಣಕೈ ಹತ್ತಿರದ ತನಕ ಹಸಿರು ಗಾಜಿನ ಬಳೆ.

"ಅವ್ವಾ, ಬಳಿ ತಗೀಬೇಕಾಕ್ಕೈತಿ," ಎಂದೆ. ಮುತ್ತೈದೆಗೆ ಹೇಳಬಾರದ ಮಾತು. ಹೇಳಿ ತಲೆ ತಗ್ಗಿಸಿದೆ.

ಆಕೆ ಗಂಡನ ಮುಖ ನೋಡಿದಳು, ಆಕಳ ಮುಖ ನೋಡಿದಳು. ಒಳಗೆ ಹೋಗಿ, ತೆಗೆಯುವ ಬಳೆಯ ಬದಲಿಗೆಂದು ಅರಿಶಿನ ಹಚ್ಚಿದ ದಾರದ ಎಳೆಯೊಂದನ್ನು ತಂದು ಎಡಗೈಗೆ ಕಟ್ಟಿಕೊಂಡಳು. ಆಮೇಲೆ ಬಲಗೈಗೆ ಸೋಪು ಹಚ್ಚಿ ಒಂದೊಂದೇ ಬಳೆ ಇಳಿಸಿ ನಾಗಪ್ಪನ ಬೊಗಸೆಗೆ ಹಾಕಿದಳು. "ಒಂದು ಒಡದ್ರ ನೋಡು," ಎಂದಳು. ಅವನು ಆ ಬಳೆಗಳನ್ನು ಹಿಡಿದುಕೊಂಡೇ ಕೊನೆಯ ತನಕ ನಿಂತಿದ್ದ.

ನಾನು ಗೌರಿಯ ಪಕ್ಕದಲ್ಲಿ ಹುಲ್ಲಿನ ಪೆಂಡಿಯ ಮೇಲೆ ಕುಳಿತು ಹೇಳುತ್ತ ಹೋದೆ. ಆಕಳು ತಿಣುಕುವಾಗ ಸುಮ್ಮನಿರು. ಬಿಟ್ಟಾಗ ಕರುವಿನ ಎದೆಗೆ ಅಂಗೈ ಕೊಟ್ಟು ಹಿಂದಕ್ಕೆ ತಳ್ಳು. ಈಗ ಕುತ್ತಿಗೆಯ ಗುಂಟ ಕೈ ಬಿಡು.

"ಏನ್ ಸಿಕ್ತವ್ವಾ?"

"ಕಿವಿ ಸಿಕ್ತ್ರಿ."

"ಇನ್ನೂ ಮುಂದಕ ಹೋಗು."

"ಕಣ್ಣು... ಮೂಗಿನ ಹೊಳ್ಳಿ ಸಿಕ್ತ್ರಿ. ಅಯ್ಯ ನನ್ನವ್ವಾ, ನನ್ನ ಬೆರಳು ಚೀಪಾಕತ್ತೈತ್ರಿ ಇದು!"

ನಾನು ಎಷ್ಟೋ ಹೆರಿಗೆ ಮಾಡಿಸಿದವನು. ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತನ್ನ ಕಡೆಗೆ ತಿರುಗಿಸು ಎಂದೆ. ಶಾಂತವ್ವ ಹಲ್ಲು ಕಚ್ಚಿ ತಿರುಗಿಸಿದಳು. ತಲೆ ದಾರಿಗೆ ಬಂತು. ಆಮೇಲಿನದೆಲ್ಲ ಗೌರಿಯ ಕೆಲಸ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ಅದು ಮೂಗಿನಿಂದ ಫೂ ಎಂದು ಉಸಿರು ಬಿಟ್ಟ ಮೇಲೆ ನಾನು ಹಿಂದಕ್ಕೆ ಒರಗಿದೆ. ಆಮೇಲೆ ನೆನಪಿರುವುದು ಟ್ರೇಲರಿನಲ್ಲಿ ಜೋಳದ ಒಣ ಸೊಪ್ಪೆಯ ಮೇಲೆ ಮಲಗಿ ರಾಣೇಬೆನ್ನೂರಿಗೆ ಹೊರಟದ್ದು. ಎದುರಿಗೆ ಯಾವ ಗಾಡಿ ಬಂದರೂ ನಾಗಪ್ಪ ದೀಪ ತಗ್ಗಿಸುತ್ತಿದ್ದ. ಗಾಡಿ ಬರದಿದ್ದಾಗಲೂ ತಗ್ಗಿಸುತ್ತಿದ್ದ.

ಆಸ್ಪತ್ರೆಗೆ ಬಂದ ನನ್ನ ಹೆಂಡತಿ ನನ್ನನ್ನು ಒಂದು ಸಲ, ಸೀಳಿದ ಹೆಲ್ಮೆಟ್ಟನ್ನು ಎರಡು ಸಲ ನೋಡಿದಳು. "ಗಡಿಗಿ ಒಡದೈತಿ, ಒಳಗಿಂದು ಉಳದೈತಿ," ಎಂದು ನಾಗಪ್ಪನಿಗೆ ಕೇಳುವ ಹಾಗೆ ಹೇಳಿದಳು. ಅಲ್ಲಿಂದ ಮುಂದೆ ಅವನು ಹೆಲ್ಮೆಟ್ಟಿನ ಚೇಷ್ಟೆ ಮಾಡಲಿಲ್ಲ. ನಾನೂ ಕಲ್ಲಿನ ಸುದ್ದಿ ಎತ್ತಲಿಲ್ಲ, ಸೋತವನಿಗೆ ಇನ್ನೇನು ಹೇಳುವುದು. ಎಲುಬು ಕೂಡಿತು. ಆಮೇಲೆ ಉಳಿದ ನಾಲ್ಕಾರು ವರ್ಷದ ಸೇವೆ ಬೇರೆ ಊರುಗಳ ಕಡೆಗೇ ಕಳೆಯಿತು. ಕುಪ್ಪೇಲೂರಿಗೆ ಹೋದರೂ ಹಗಲು ಹೋಗಿ ಹಗಲೇ ಬರುತ್ತಿದ್ದೆ, ಅದೂ ಸುಗ್ಗಿಯಲ್ಲಿ ಅಲ್ಲ. ದೇಸಾಯಿ ಸಾಹೇಬರ ಎರಡನೇ ಮಾತಿಗೆ ಮಾತ್ರ ನಾನೊಂದು ತಿದ್ದುಪಡಿ ಮಾಡಿಕೊಂಡೆ. ರೇಣುಕಾ, ಇದನ್ನು ಎರಡು ಸಲ ಓದು. ಕಣ್ಣಿಗೆ ಬೆಳಕು ಹೊಡೆದರೆ ಎಡ ಅಂಚು ನೋಡಬೇಕು ಎನ್ನುವುದು ಬೇರೆ ಸೀಮೆಯವರಿಗೆ. ಗೋವಿನಜೋಳದ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಏನನ್ನೂ ನೋಡಬೇಡ. ಸುಮ್ಮನೆ ಗಾಡಿ ನಿಲ್ಲಿಸು.

ಇದನ್ನು ಬರೆದು ಮುಗಿಸಬೇಕು ಎನ್ನುವಾಗಲೇ, ಈ ಸುಗ್ಗಿಯಲ್ಲಿ, ರೇಣುಕಾಳ ಫೋನ್ ಬಂತು.

"ಸರ್, ಕುಪ್ಪೇಲೂರು ನಾಗಪ್ಪನವರ ಮನ್ಯಾಗ ಬೊಟ್ಟಿನ ಆಕಳು ಈಯಾಕತ್ತೈತಂತ್ರಿ. ಕತ್ತಲಾಗೇತಿ. ನಾ ಬೆಳಿಗ್ಗೆ ಬರ್ತೇನಿ ಅಂತ ಹೇಳಂಗಿಲ್ರಿ. ಇದೊಂದ ಸಲ ಹಿಂದ ಕುಂತು ಬರ್ತೀರೇನ್ರಿ?"

ಹಣೆಯ ಮೇಲೆ ಬೊಟ್ಟಿನ ಆಕಳು. ಆ ರಾತ್ರಿಯ ಕರು! ನಾನು ಆಗಲೇ ಹೆಲ್ಮೆಟ್ ಹುಡುಕುತ್ತಿದ್ದೆ.

ಹುಡುಗಿ ಚೆನ್ನಾಗಿ ಓಡಿಸುತ್ತಾಳೆ. ಎದುರಿಗೆ ಬಿಳಿ ದೀಪದ ಶೂರ ಬಂದಾಗ ಬೈಯುವುದಿಲ್ಲ, ಪಕ್ಕಕ್ಕೆ ನಿಲ್ಲುತ್ತಾಳೆ. ಬೈಯುವ ಕೆಲಸ ಹಿಂದೆ ಕುಳಿತ ನಾನು ಮಾಡುತ್ತಿದ್ದೆ. ಕುಪ್ಪೇಲೂರು ಹತ್ತಿರವಾದಂತೆ ನನ್ನ ಬಲಭುಜ ತಾನಾಗಿ ಬಿಗಿಯಿತು. "ನಿಧಾನವಾ, ನಿಧಾನ. ಎಡಗಡೆ ಹೋಗಬ್ಯಾಡ. ಇಲ್ಲೇ ಐತಿ ನೋಡು, ಇಲ್ಲೇ," ಎಂದು ಆಕೆಯ ಕಿವಿ ತಿಂದೆ.

"ಏನೂ ಇಲ್ಲಲ್ರಿ ಸರ್," ಎಂದಳು.

ಏನೂ ಇರಲಿಲ್ಲ. ಟ್ರ್ಯಾಕ್ಟರಿನ ದೀಪ ಆರಿತ್ತು. ಕಾಳಿನ ಗುಡ್ಡೆ ರಸ್ತೆ ಬಿಟ್ಟು ಅಂಗಳದಲ್ಲಿತ್ತು. ದಾರಿಯುದ್ದಕ್ಕೂ ಬೇರೆಯವರ ಗುಡ್ಡೆಗಳು ರಸ್ತೆಯ ಮೇಲೇ ಇದ್ದವು, ಆದರೆ ಖಾಲಿಯಾದ ಜಾಗಗಳಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ. ಮನೆಯ ಮುಂದೆ ನಾಗಪ್ಪ ಬ್ಯಾಟರಿಯನ್ನು ನೆಲಕ್ಕೆ ಹಿಡಿದು ನಿಂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಶಾಂತವ್ವ ರೇಣುಕಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾವಿಬ್ಬರೂ ಹೊರಗೆ ಕುಳಿತೆವು. ಕೊಟ್ಟಿಗೆಗೆ ಹೊಸ ಗೋಡೆ ಬಂದಿತ್ತು. ತಲೆಗಾತ್ರದ ಕಲ್ಲುಗಳು. ಒಂದು ಕರಿ, ಒಂದು ಕೆಂಪು, ಒಂದರ ಮೇಲೆ ಯಾರೋ ಬಳಿದ ಸುಣ್ಣ. ಒಂದೇ ಗುಡ್ಡದಿಂದ ಬಂದ ಕಲ್ಲುಗಳಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಇದೇನು ನಾಗಪ್ಪಾ?"

"ರಸ್ತಾದ ಮ್ಯಾಲಿನವ್ರಿ. ಆವತ್ತಿನಿಂದ ಸುಗ್ಗ್ಯಾಗ ದಿನಾ ಸಂಜಿಮುಂದ ಬುಟ್ಟಿ ತಗೊಂಡು ಕ್ರಾಸಿನ ತನಕ ಹೋಗ್ತೇನ್ರಿ. ಕಾಳು ತುಂಬ್ಕೊಂಡು ಹೋದವರ ಕಲ್ಲು ಆರಿಸ್ಕೊಂಡು ಬರ್ತೇನಿ. ಮೊದಲ ಮಂದಿ ನಗತಿದ್ರು. ಈಗ ಬುಟ್ಟಿಗೆ ಎತ್ತಿ ಹಾಕ್ತಾರ್ರಿ." ಅವನು ಗೋಡೆಯ ಬುಡಕ್ಕೆ ಬ್ಯಾಟರಿ ಬಿಟ್ಟ. "ಬುನಾದ್ಯಾಗ ಮೂಲಿಗೆ ಐತಲ್ರಿ, ಅದು ನಿಮ್ಮ ಕಲ್ಲು."

ಚೇಷ್ಟೆ ಬಿಟ್ಟರೆ ನನಗೆ ಬೇರೆ ಮಾತು ಬಾರದು. "ಗ್ವಾಡಿ ಮುಗೀತಲ್ಲೋ. ನಾನೂ ರಿಟೈರ್ ಆದೆ. ಇನ್ನ ಯಾಕ ಆರಸ್ತಿ?" ಎಂದೆ.

ಅಷ್ಟರಲ್ಲಿ ಒಳಗಿನಿಂದ ರೇಣುಕಾಳ ನಗು ಕೇಳಿಸಿತು, ಹಿಂದೆಯೇ ಶಾಂತವ್ವನದು, ಆಮೇಲೆ ಎಳೆಯ ಕರುವಿನ ದನಿ. ನಾಗಪ್ಪ ಎದ್ದು ನಿಂತು ಆ ಕಡೆಗೆ ನೋಡಿದ.

"ನೀವು ರಿಟೈರ್ ಆದ್ರಿ, ಖರೇ. ಕಲ್ಲು ರಿಟೈರ್ ಆಗಂಗಿಲ್ಲಲ್ರಿ ಸಾಹೇಬ್ರ. ಇನ್ನ ಆ ನಮ್ಮ ಡಾಕ್ಟರವ್ವ ಒಬ್ಬಾಕಿನ ಬರ್ತಾಳು."

ಹೊರಡುವಾಗ ಅವನು ಬ್ಯಾಟರಿ ಹಿಡಿದು ನಮ್ಮ ಗಾಡಿಯ ಮುಂದೆ ಸ್ವಲ್ಪ ದೂರ ನಡೆದು ಬಂದ. ಬೆಳಕು ನೆಲದ ಮೇಲೆಯೇ ಇತ್ತು.